ನಿಂತ ಗಾಡಿಯ ಉಸಿರು

ಕೆಂಪು ದೀಪದ ಮುಂದೆ ನಿಂತ ಮೋಟಾರುಗಾಡಿಯು ಸುಮ್ಮನಿದೆಯೆಂದು ನಾವೆಲ್ಲರೂ ಭಾವಿಸುತ್ತೇವೆ. ಚಕ್ರಗಳು ಉರುಳದಿರುವಾಗ ಹಾಗೆ ಭಾವಿಸುವುದು ಸಹಜವೇ. ಆದರೆ ಗಾಡಿ ನಿಂತರೂ ಅದರ ಎಂಜಿನ್ನು ನಿಂತಿರುವುದಿಲ್ಲ. ನಾಲ್ಕು ಸಿಲಿಂಡರುಗಳ ಹಳೆಯ ಎಂಜಿನ್ನೊಂದು ಆ ಹೊತ್ತಿನಲ್ಲಿ ನಿಮಿಷಕ್ಕೆ ಸುಮಾರು 700 ಸುತ್ತು ತಿರುಗುತ್ತಿದೆಯೆಂದು ಇಟ್ಟುಕೊಳ್ಳಿರಿ. ಒಂದೊಂದು ಸಿಲಿಂಡರಿನಲ್ಲಿಯೂ ಎರಡು ಸುತ್ತಿಗೊಮ್ಮೆ ಕಿಡಿ ಹಾರುತ್ತದೆ. ಲೆಕ್ಕ ಹಾಕಿದರೆ ನಿಮಿಷಕ್ಕೆ 1,400 ಸ್ಫೋಟಗಳಾದವು. ಸೆಕೆಂಡಿಗೆ 23ಕ್ಕೂ ಹೆಚ್ಚು! ಇಷ್ಟೆಲ್ಲ ದುಡಿಮೆಯೂ ಗಾಡಿಯನ್ನು ಒಂದಂಗುಲವಾದರೂ ಮುಂದಕ್ಕೊಯ್ಯುವುದಕ್ಕಲ್ಲ, ಎಂಜಿನ್ನು ತಾನು ಆರಿಹೋಗದೆ ಉಳಿಯುವುದಕ್ಕೆ ಮಾತ್ರ. ಈ ವೇಗಕ್ಕೆ ಐಡಲ್ ವೇಗವೆಂದು ಹೆಸರು. ಗ್ಯಾರೇಜುಗಳಲ್ಲಿ ಇದನ್ನೇ ‘ಸ್ಲೋ’ ಎನ್ನುತ್ತಾರೆ.

ಈಗಿನ ಕಾರುಗಳಲ್ಲಿ ಈ ವೇಗವನ್ನು ಕಾಯುವ ಹೊಣೆ ಒಂದು ಪುಟ್ಟ ಕಂಪ್ಯೂಟರಿನದು. ಹಳೆಯ ಗಾಡಿಗಳಲ್ಲಿಯೋ, ಅದು ಒಂದು ಸ್ಕ್ರೂವಿನ ತುದಿಯ ಮೇಲೆ ನಿಂತಿರುತ್ತಿತ್ತು. ಆ ಸ್ಕ್ರೂವಿನ ವಿಷಯವನ್ನು ನಾನು ಕಲಿತದ್ದು ಪಾಠಪುಸ್ತಕದಿಂದಲ್ಲ, ನನ್ನ ಸೋದರಮಾವನ ಟ್ಯಾಕ್ಸಿಯಿಂದ.

ಮಾವನ ಟ್ಯಾಕ್ಸಿ ಪ್ರೀಮಿಯರ್ ಪದ್ಮಿನಿ. ಮುಂಬಯಿಯ ಮಕ್ಕಳಾದ ನಿಮಗೆ ಆ ಕಪ್ಪು-ಹಳದಿ ಗಾಡಿಯ ಪರಿಚಯ ಹಳೆಯ ಚಲಚ್ಚಿತ್ರಗಳಿಂದಲಾದರೂ ಇದ್ದೀತು. ವಾಲಚಂದ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆಯು ನಮ್ಮ ಕುರ್ಲಾದ ಕಾರ್ಖಾನೆಯಲ್ಲಿ ಇಟಲಿಯ ಫಿಯೆಟ್ 1100 ಮಾದರಿಯನ್ನು ತಯಾರಿಸುತ್ತಿತ್ತು. ಚಿತ್ತೋಡದ ರಾಣಿಯ ನೆನಪಿನಲ್ಲಿ ‘ಪದ್ಮಿನಿ’ ಎಂಬ ಹೆಸರು ಅದಕ್ಕೆ ಎಪ್ಪತ್ತರ ದಶಕದಲ್ಲಿ ಬಂದಿತು. ಎಂಜಿನ್ನು ಸಣ್ಣದು, 1,089 ಘನ ಸೆಂಟಿಮೀಟರಿನದು. ಕಟ್ಟಕಡೆಯ ಪದ್ಮಿನಿ ಟ್ಯಾಕ್ಸಿಯು ತಾರದೇವದ ಸಾರಿಗೆ ಕಚೇರಿಯಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಮುಂಬಯಿಯಲ್ಲಿ ಟ್ಯಾಕ್ಸಿಗಳ ಆಯುಷ್ಯದ ಮಿತಿ ಇಪ್ಪತ್ತು ವರ್ಷವಾದುದರಿಂದ 2023ರ ಅಕ್ಟೋಬರ್ ಮುಗಿಯುವಷ್ಟರಲ್ಲಿ ಅವು ಬಾಡಿಗೆಯ ಓಟದಿಂದ ಮರೆಯಾದವು. ಅಕ್ಕರೆಯಿಂದ ಇಟ್ಟುಕೊಂಡವರ ಮನೆಗಳಲ್ಲಿ ಖಾಸಗಿ ಪದ್ಮಿನಿಗಳು ಇನ್ನೂ ಉಳಿದಿವೆ.

1986ರ ಮಳೆಗಾಲ. ನಾನಾಗ ಏಳನೆಯ ತರಗತಿಯಲ್ಲಿದ್ದೆ. ಮಾವನ ಗಾಡಿಗೆ ವಿಚಿತ್ರವಾದೊಂದು ಕಾಯಿಲೆ ಹತ್ತಿಕೊಂಡಿತ್ತು. ಒಂದು ಸಿಗ್ನಲ್ಲಿನಲ್ಲಿ ನಿಂತರೆ ಎಂಜಿನ್ನು ಮೆಲ್ಲನೆ ನಡುಗಿ ಆರಿಹೋಗುತ್ತಿತ್ತು. ಮುಂದಿನ ಸಿಗ್ನಲ್ಲಿನಲ್ಲಿ ಯಾರೋ ಪೆಡಲನ್ನು ತುಳಿದು ಹಿಡಿದಂತೆ ಒಂದೇ ಸಮನೆ ಅರಚುತ್ತಿತ್ತು. ಮಾವ ಹತ್ತಿರದ ಒಂದು ಗ್ಯಾರೇಜಿಗೆ ಮೂರು ಸಲ ಹೋದ. ಮೂರು ಸಲವೂ ಅವರು ಬಾನೆಟ್ಟು ಎತ್ತಿ, ಸ್ಕ್ರೂಡ್ರೈವರಿನಿಂದ ಸ್ಲೋ ಸ್ಕ್ರೂವನ್ನು ಒಮ್ಮೆ ಒಳಕ್ಕೆ, ಒಮ್ಮೆ ಹೊರಕ್ಕೆ ತಿರುಗಿಸಿ ಹಣ ಪಡೆದು ಕಳುಹಿಸಿದರು. ನಾಲ್ಕನೆಯ ವಾರ ದಾದರಿನ ಟಿಳಕ ಸೇತುವೆಯ ಏರಿನಲ್ಲಿ, ಸುರಿಯುವ ಮಳೆಯಲ್ಲಿ, ಗಾಡಿ ಎರಡು ಸಲ ಆರಿತು. ಹಿಂದಿನಿಂದ ಹಾರ್ನುಗಳ ಗದ್ದಲ. ಮೂರನೆಯ ಸಲ ಎಂಜಿನ್ನು ಹತ್ತಿಕೊಂಡಾಗ ಮಾವ ಆತುರದಿಂದ ಕ್ಲಚ್ ಬಿಟ್ಟ. ಗಾಡಿ ಮೆಲ್ಲನೆ ಹೊರಡುವ ಬದಲು ಮುಂದಕ್ಕೆ ಹಾರಿತು. ಮುಂದಿದ್ದ ಈರುಳ್ಳಿಯ ಕೈಗಾಡಿಗೆ ಬಡಿಯಿತು. ಗಾಡಿ ಎಳೆಯುತ್ತಿದ್ದವನ ಮೊಣಕಾಲು ತರಚಿ ರಕ್ತ ಸುರಿಯಿತು. ದೇವರ ದಯೆ, ಮೂಳೆ ಮುರಿಯಲಿಲ್ಲ. ಮಾವನ ಮೂರು ದಿನದ ಗಳಿಕೆ ಅವನ ಔಷಧಕ್ಕೂ ಈರುಳ್ಳಿಗೂ ಹೋಯಿತು. ಅಂದು ರಾತ್ರಿ ಮಾವ ಊಟಕ್ಕೆ ಏಳಲಿಲ್ಲ. “ಎದುರಿಗೆ ಕೈಗಾಡಿಯಿತ್ತು, ಅದರ ಬದಲು ಶಾಲೆಯ ಮಕ್ಕಳಿದ್ದಿದ್ದರೆ?” ಎಂದಷ್ಟೇ ಅತ್ತೆಗೆ ಹೇಳಿದ.

ಮಾರನೆಯ ದಿನ ವಡಾಲಾದಲ್ಲಿದ್ದ ಧಾರವಾಡದ ಕಡೆಯ ವೃದ್ಧ ಮೇಸ್ತ್ರಿಯೊಬ್ಬರ ಬಳಿಗೆ ಗಾಡಿಯನ್ನೊಯ್ದೆವು. ಅಂದು ಶಾಲೆಗೆ ರಜೆಯಿದ್ದುದರಿಂದ ನಾನೂ ಜೊತೆಗಿದ್ದೆ. ಮಾವ, “ಸ್ಲೋ ಸ್ವಲ್ಪ ಏರಿಸಿಕೊಡಿ ಮೇಸ್ತ್ರಿಗಳೇ, ಆರದಿದ್ದರೆ ಸಾಕು” ಎಂದ.

“ಏರಸೂದು ದೊಡ್ಡ ಮಾತಲ್ಲರಿ,” ಎಂದರು ಮೇಸ್ತ್ರಿಗಳು. “ಆದರ ಈಗ ಸ್ಲೋ ಹಿಡದದ್ದು ಯಾವುದು ಅಂತ ಮೊದಲ ನೋಡಬೇಕಲ್ಲ?” ಆಮೇಲೆ ನನ್ನತ್ತ ತಿರುಗಿ, “ತಮ್ಮಾ, ಕಿಸೆದಾಗ ಬಸ್ಸಿನ ಟಿಕೀಟ ಐತೇನು?” ಎಂದು ಕೇಳಿದರು.

ಬಸ್ಸಿನ ಟಿಕೇಟಿಗೂ ಮೋಟಾರಿನ ಎಂಜಿನ್ನಿಗೂ ಏನು ಸಂಬಂಧವೆಂದು ನನಗೆ ನಗು ಬಂದಿತು. ನಿಮಗೂ ಬಂದಿರಬಹುದು. ಟಿಕೇಟಿನ ಕಥೆಯನ್ನು ಮುಂದುವರಿಸುವ ಮುನ್ನ ಎಂಜಿನ್ನು ಉಸಿರಾಡುವ ಬಗೆಯನ್ನು ಸ್ವಲ್ಪ ತಿಳಿದುಕೊಳ್ಳೋಣ. ಅದಿಲ್ಲದೆ ಮೇಸ್ತ್ರಿಗಳ ಜಾಣತನ ನಿಮಗೆ ಅರ್ಥವಾಗಲಾರದು.

ಪೆಟ್ರೋಲು ತಾನೊಂದೇ ಉರಿಯಲಾರದು. ಒಂದು ಭಾಗ ಪೆಟ್ರೋಲು ಚೆನ್ನಾಗಿ ಉರಿಯಬೇಕಾದರೆ ತೂಕದಲ್ಲಿ ಅದರ ಸುಮಾರು 15 ಪಟ್ಟು ಗಾಳಿ ಬೇಕು. ಗಾಳಿ ಬಹಳ ಹಗುರವಾದ ವಸ್ತುವಾದ್ದರಿಂದ ಅಳತೆಯಲ್ಲಿ ಇದು ದೊಡ್ಡ ಸಂಖ್ಯೆಯೇ ಆಗುತ್ತದೆ: ಒಂದು ಲೀಟರು ಪೆಟ್ರೋಲಿಗೆ ಹತ್ತಿರ ಹತ್ತಿರ 9,000 ಲೀಟರು ಗಾಳಿ! ನಾವು ಗಾಡಿಗೆ ಪೆಟ್ರೋಲು ಹಾಕಿಸಿದೆವೆಂದು ಲೆಕ್ಕವಿಡುತ್ತೇವೆ; ಅದು ಕುಡಿಯುವ ಗಾಳಿಯ ಲೆಕ್ಕವನ್ನು ಯಾರೂ ಇಡುವುದಿಲ್ಲ. ಇವೆರಡನ್ನೂ ತಕ್ಕ ಪ್ರಮಾಣದಲ್ಲಿ ಬೆರೆಸುವ ಪಾತ್ರೆಯೇ ಕಾರ್ಬ್ಯುರೇಟರು. ಅದರ ನಡುವೆ ಗಾಳಿಯ ಕೊಳವೆಯೊಂದಿದೆ. ಕೊಳವೆಯು ಒಂದೆಡೆ ಸೊಂಟದಂತೆ ಕಿರಿದಾಗುತ್ತದೆ. ಎರಡು ಚಾಳುಗಳ ನಡುವಿನ ಇಕ್ಕಟ್ಟಿನ ಓಣಿಯಲ್ಲಿ ಸಮುದ್ರದ ಗಾಳಿ ರಭಸದಿಂದ ನುಗ್ಗುವುದನ್ನು ನೀವು ಬಲ್ಲಿರಿ. ಹಾಗೆಯೇ ಈ ಸೊಂಟದಲ್ಲಿಯೂ ಗಾಳಿಯ ವೇಗ ಹೆಚ್ಚುತ್ತದೆ. ವೇಗ ಹೆಚ್ಚಿದಲ್ಲಿ ಒತ್ತಡ ಇಳಿಯುತ್ತದೆ. ಇದನ್ನು ಸ್ವಿಟ್ಜರ್‌ಲೆಂಡಿನ ಡ್ಯಾನಿಯಲ್ ಬರ್ನೂಲಿ 1738ರ ತನ್ನ ಗ್ರಂಥದಲ್ಲಿ ವಿವರಿಸಿದನು. ಒತ್ತಡ ಇಳಿದ ಆ ಜಾಗದಲ್ಲಿ ಮುಖ್ಯ ಜೆಟ್ಟಿನ ಬಾಯಿ ತೆರೆದಿರುತ್ತದೆ. ಅಲ್ಲಿಂದ ಪೆಟ್ರೋಲು ತುಂತುರಾಗಿ ಹೊರಬಂದು ಗಾಳಿಯನ್ನು ಕೂಡಿಕೊಳ್ಳುತ್ತದೆ.

ಸೊಂಟದ ಕೆಳಗೆ, ಕೊಳವೆಗೆ ಅಡ್ಡಲಾಗಿ, ರೂಪಾಯಿ ನಾಣ್ಯದಂಥ ಒಂದು ಹಿತ್ತಾಳೆಯ ಬಿಲ್ಲೆ ಕೂತಿದೆ. ಅದರ ನಡುವೆ ಒಂದು ಸರಳು. ಸರಳು ತಿರುಗಿದರೆ ಬಿಲ್ಲೆಯು ಚಿಟ್ಟೆಯ ರೆಕ್ಕೆಯಂತೆ ನೆಟ್ಟಗಾಗಿ ದಾರಿ ಬಿಡುತ್ತದೆ. ಮರಳಿ ತಿರುಗಿದರೆ ದಾರಿ ಮುಚ್ಚುತ್ತದೆ. ಇದೇ ಥ್ರಾಟಲ್. ಇಂಗ್ಲಿಷಿನಲ್ಲಿ ಆ ಶಬ್ದಕ್ಕೆ ಗಂಟಲು ಹಿಸುಕುವುದೆಂಬ ಅರ್ಥವೂ ಉಂಟು, ಹೆಸರು ಎಷ್ಟು ಸರಿಯಾಗಿದೆ ನೋಡಿರಿ! ಚಾಲಕನು ಆಕ್ಸಿಲರೇಟರು ತುಳಿದಾಗ ‘ಪೆಟ್ರೋಲು ಕೊಟ್ಟ’ ಎನ್ನುವುದು ರೂಢಿ. ವಾಸ್ತವವಾಗಿ ಅವನು ಗಾಳಿಯ ದಾರಿಯನ್ನು ತೆರೆಯುತ್ತಾನೆ. ಪೆಟ್ರೋಲು ಗಾಳಿಯ ಹಿಂದೆ ತಾನಾಗಿ ಬರುತ್ತದೆ. ಪೆಡಲು ಬಿಟ್ಟನೆಂದರೆ ಗಂಟಲು ಹಿಸುಕಿದನೆಂದೇ ಅರ್ಥ.

ಪೂರ್ತಿ ಹಿಸುಕಿಬಿಟ್ಟರೆ ಎಂಜಿನ್ನು ಸಾಯುತ್ತದೆ. ಆದಕಾರಣ ಬಿಲ್ಲೆಯು ಪೂರ್ಣ ಮುಚ್ಚದಂತೆ, ಕೂದಲೆಳೆಯಂಥ ಸಂದಿಯೊಂದು ಉಳಿಯುವಂತೆ, ಅದರ ಸರಳಿನ ತುದಿಯ ಕೈಗೆ ಒಂದು ಸ್ಕ್ರೂವನ್ನು ಅಡ್ಡವಿಟ್ಟಿರುತ್ತಾರೆ. ಪೆಡಲು ಬಿಟ್ಟಾಗ ಸ್ಪ್ರಿಂಗು ಆ ಕೈಯನ್ನು ಹಿಂದಕ್ಕೆಳೆಯುತ್ತದೆ. ಕೈ ಬಂದು ಸ್ಕ್ರೂವಿನ ಮೇಲೆ ವಿಶ್ರಮಿಸುತ್ತದೆ. ಸ್ಕ್ರೂವನ್ನು ಒಳಕ್ಕೆ ತಿರುಗಿಸಿದರೆ ಸಂದಿ ಹಿಗ್ಗಿ ವೇಗ ಏರುತ್ತದೆ, ಹೊರಕ್ಕೆ ತಿರುಗಿಸಿದರೆ ಇಳಿಯುತ್ತದೆ. ಸ್ಲೋ ಸ್ಕ್ರೂ ಎಂದರೆ ಇಷ್ಟೇ.

ಇಲ್ಲೊಂದು ಸ್ವಾರಸ್ಯವಿದೆ. ಸಂದಿ ಇಷ್ಟು ಕಿರಿದಾಗಿರುವಾಗ ಕೊಳವೆಯ ಸೊಂಟದಲ್ಲಿ ಗಾಳಿ ತೀರ ಮೆಲ್ಲಗೆ ಹರಿಯುತ್ತದೆ. ಬರ್ನೂಲಿಯ ನಿಯಮಕ್ಕೆ ಅಲ್ಲಿ ಕೆಲಸವೇ ಇಲ್ಲ, ಮುಖ್ಯ ಜೆಟ್ಟು ನಿದ್ರಿಸುತ್ತಿರುತ್ತದೆ. ಆದರೆ ಬಿಲ್ಲೆಯ ಕೆಳಗಡೆ, ಎಂಜಿನ್ನಿನ ಕಡೆಗೆ, ಸ್ಥಿತಿಯೇ ಬೇರೆ. ನಾಲ್ಕು ಪಿಸ್ಟನ್ನುಗಳು ಸರದಿಯಂತೆ ಗಾಳಿಯನ್ನು ಎಳೆಯುತ್ತಿದ್ದು, ಗಾಳಿ ಬರಲು ದಾರಿ ಸಾಲದೆ, ಅಲ್ಲಿ ಬಲವಾದ ನಿರ್ವಾತ ಉಂಟಾಗುತ್ತದೆ. ನಮ್ಮ ಸುತ್ತಲಿನ ವಾಯುವಿನ ಒತ್ತಡ ಪಾದರಸದ 76 ಸೆಂಟಿಮೀಟರೆಂದು ನೀವು ಓದಿದ್ದೀರಿ. ಆರೋಗ್ಯವಾದ ಎಂಜಿನ್ನೊಂದು ಐಡಲ್ ವೇಗದಲ್ಲಿರುವಾಗ ಬಿಲ್ಲೆಯ ಕೆಳಗಿನ ಒತ್ತಡ ಅದಕ್ಕಿಂತ 45ರಿಂದ 50 ಸೆಂಟಿಮೀಟರಿನಷ್ಟು ಕಡಮೆ ಇರುತ್ತದೆ. ಆದುದರಿಂದ ಕಾರ್ಬ್ಯುರೇಟರು ಮಾಡಿದವರು ಐಡಲ್ ವೇಗಕ್ಕಾಗಿಯೇ ಪೆಟ್ರೋಲಿನ ಬೇರೊಂದು ಸಣ್ಣ ಕಾಲುವೆಯನ್ನು ತೋಡಿ, ಅದರ ಬಾಯಿಯನ್ನು ಈ ನಿರ್ವಾತದ ಜಾಗದಲ್ಲಿ, ಬಿಲ್ಲೆಯ ಅಂಚಿನ ಕೆಳಗೆ ಬಿಟ್ಟಿದ್ದಾರೆ. ಪದ್ಮಿನಿಯಲ್ಲಿದ್ದ ಸೋಲೆಕ್ಸ್ ಜಾತಿಯ ಕಾರ್ಬ್ಯುರೇಟರಿನಲ್ಲಿ ಆ ಬಾಯಿಯನ್ನು ಸೂಜಿಮೊನೆಯ ಎರಡನೆಯ ಸ್ಕ್ರೂವೊಂದು ಕಾಯುತ್ತದೆ. ಇದನ್ನು ಮಿಶ್ರಣದ ಸ್ಕ್ರೂ ಎನ್ನೋಣ. ಒಳಕ್ಕೆ ತಿರುಗಿಸಿದರೆ ಮಿಶ್ರಣದಲ್ಲಿ ಪೆಟ್ರೋಲು ತಗ್ಗುತ್ತದೆ, ಹೊರಕ್ಕೆ ತಿರುಗಿಸಿದರೆ ಹೆಚ್ಚುತ್ತದೆ.

ಇನ್ನು ಮೇಸ್ತ್ರಿಗಳ ಬಳಿಗೆ ಹೋಗೋಣ. ನನ್ನ ಕಿಸೆಯಲ್ಲಿ ಬೆಸ್ಟ್ ಬಸ್ಸಿನ ತೆಳ್ಳಗಿನ ಟಿಕೇಟೊಂದಿತ್ತು. ಎಂಜಿನ್ನು ಆರಿಸಿದ್ದ ಹೊತ್ತಿನಲ್ಲಿ ಮೇಸ್ತ್ರಿಗಳು ಥ್ರಾಟಲಿನ ಕೈಯನ್ನು ಬೆರಳಿನಿಂದ ತುಸು ತೆರೆದು, ಸ್ಲೋ ಸ್ಕ್ರೂವಿನ ತುದಿಗೂ ಆ ಕೈಗೂ ನಡುವೆ ಟಿಕೇಟನ್ನಿಟ್ಟು, ಕೈಯನ್ನು ಬಿಟ್ಟರು. “ಎಳಿ ನೋಡು” ಎಂದರು. ನಾನು ಎಳೆದೆ. ಟಿಕೇಟು ಯಾವ ತಡೆಯೂ ಇಲ್ಲದೆ ಜಾರಿ ಬಂದಿತು.

“ಕಂಡಿರೇನು?” ಎಂದು ಅವರು ಮಾವನಿಗೆ ಹೇಳಿದರು. “ಸ್ಕ್ರೂ ಮುಟ್ಟೇ ಇಲ್ಲ. ಮುಟ್ಟದ ಸ್ಕ್ರೂ ನೂರು ಸಲ ತಿರುವಿದರ ಏನಾದೀತು?”

ಸ್ಕ್ರೂವಿನ ಮೇಲೆ ನಿಲ್ಲಬೇಕಾದ ಥ್ರಾಟಲಿನ ಕೈ ಅದರ ಮೇಲೆ ನಿಂತಿರಲಿಲ್ಲ. ಹಾಗಾದರೆ ಅದನ್ನು ಅರೆತೆರೆದಂತೆ ಹಿಡಿದದ್ದು ಯಾವುದು? ಪೆಡಲಿನಿಂದ ಕಾರ್ಬ್ಯುರೇಟರಿನವರೆಗೆ ಬರುವ ಸರಳುಗಳು.

ಈ ಜೋಡಣೆಯನ್ನು ಕೊಂಚ ಗಮನವಿಟ್ಟು ತಿಳಿಯಿರಿ. ಪೆಡಲು ಗಾಡಿಯ ಮೈಗೆ ಬಿಗಿದದ್ದು. ಕಾರ್ಬ್ಯುರೇಟರು ಎಂಜಿನ್ನಿನ ಮೇಲೆ ಕೂತದ್ದು. ಎಂಜಿನ್ನಾದರೋ ಗಾಡಿಯ ಚೌಕಟ್ಟಿಗೆ ನೇರವಾಗಿ ಬಿಗಿದದ್ದಲ್ಲ. ಅದರ ನಡುಕ ಪ್ರಯಾಣಿಕರಿಗೆ ತಾಗದಿರಲೆಂದು ದಪ್ಪ ರಬ್ಬರಿನ ದಿಂಬುಗಳ ಮೇಲೆ ಅದನ್ನು ಕೂರಿಸಿರುತ್ತಾರೆ. ಹೀಗೆ ಒಂದು ತುದಿ ಅಲುಗದ ಮೈಯಲ್ಲಿ, ಇನ್ನೊಂದು ತುದಿ ಅಲುಗುವ ಎಂಜಿನ್ನಿನಲ್ಲಿ. ನಡುವೆ ಗುಂಡು ಕೀಲುಗಳಿಂದ ಕೂಡಿದ ಸರಳು. ಮಾವನ ಗಾಡಿಯಲ್ಲಿ ವರ್ಷಗಳ ಎಣ್ಣೆ ಹಾಗೂ ಬಿಸಿಯಿಂದ ಒಂದು ಬದಿಯ ರಬ್ಬರು ಕುಗ್ಗಿ, ಎಂಜಿನ್ನು ಆ ಕಡೆಗೆ ವಾಲಿತ್ತು. ಸರಳಿನ ಉದ್ದ ಬದಲಾಗಲಿಲ್ಲ. ಅದು ಹಿಡಿದಿದ್ದ ಎರಡು ತುದಿಗಳ ನಡುವಿನ ದೂರ ಬದಲಾಯಿತು. ಪೆಡಲು ತನ್ನ ಮೇಲಿನ ತಡೆಗೆ ತಾಗಿ ನಿಂತ ಮೇಲೂ ಸರಳು ಥ್ರಾಟಲನ್ನು ತುಸು ತೆರೆದೇ ಹಿಡಿಯಿತು. ವೇಗ ಏರಿದ್ದನ್ನು ಕಂಡ ಮೊದಲಿನ ಗ್ಯಾರೇಜಿನವರು ಸ್ಕ್ರೂವನ್ನು ಹೊರಕ್ಕೆ, ಇನ್ನೂ ಹೊರಕ್ಕೆ ತಿರುಗಿಸಿದರು. ಅದು ತನ್ನ ಕೆಲಸದಿಂದ ಪೂರ್ತಿಯಾಗಿ ದೂರ ಸರಿಯಿತು.

ಈಗ ಟಿಳಕ ಸೇತುವೆಯ ಮೇಲೆ ನಡೆದದ್ದು ಸ್ಪಷ್ಟವಾಗುತ್ತದೆ. ಎಂಜಿನ್ನು ಗಾಡಿಯನ್ನು ಎಳೆಯತೊಡಗಿದಾಗ ತಾನೂ ಒಂದು ಬದಿಗೆ ಹೊರಳುತ್ತದೆ. ಎಳೆತ ನಿಂತಾಗ ಮರಳುತ್ತದೆ. ರಬ್ಬರು ಗಟ್ಟಿಯಿದ್ದರೆ ಈ ಹೊರಳಾಟ ಅಲ್ಪ, ಕುಗ್ಗಿದ್ದರೆ ಬಹಳ. ಸ್ಥಾನಕ್ಕೆ ಮರಳುವಾಗ ಥ್ರಾಟಲು ಅತಿಯಾಗಿ ಮುಚ್ಚಿಕೊಳ್ಳುತ್ತಿತ್ತು. ತಡೆಯಲು ಸ್ಕ್ರೂ ತನ್ನ ಜಾಗದಲ್ಲಿರಲಿಲ್ಲವಾದ್ದರಿಂದ ಎಂಜಿನ್ನು ಆರುತ್ತಿತ್ತು. ಕ್ಲಚ್ ಬಿಟ್ಟು ಹೊರಡುವಾಗ ಎಂಜಿನ್ನು ಹೊರಳಿ ಸರಳು ಬಿಗಿಯುತ್ತಿತ್ತು. ಥ್ರಾಟಲು ತನ್ನಷ್ಟಕ್ಕೆ ಇನ್ನೂ ತೆರೆಯುತ್ತಿತ್ತು, ತೆರೆದಷ್ಟೂ ಎಂಜಿನ್ನು ಇನ್ನೂ ಹೊರಳುತ್ತಿತ್ತು. ಮಾವನ ಕಾಲು ಪೆಡಲಿನ ಮೇಲೆ ಹಗುರವಾಗಿಯೇ ಇತ್ತು. ಗಾಡಿಯನ್ನು ಹಾರಿಸಿದ್ದು ಆ ಕಾಲಲ್ಲ.

“ನನ್ನ ತಪ್ಪೇನೋ ಅಂದುಕೊಂಡಿದ್ದೆ” ಎಂದ ಮಾವ. ಮೇಸ್ತ್ರಿಗಳು ಉತ್ತರ ಹೇಳದೆ ಜ್ಯಾಕ್ ತರಲು ಒಳಗೆ ಹೋದರು.

ರಬ್ಬರಿನ ದಿಂಬುಗಳನ್ನು ಬದಲಿಸಲು ಮಧ್ಯಾಹ್ನದವರೆಗೂ ಹಿಡಿಯಿತು. ಅದರ ಬಳಿಕ ಸರಳಿನ ಪರೀಕ್ಷೆ. ಮೇಸ್ತ್ರಿಗಳು ಸರಳನ್ನು ಕಾರ್ಬ್ಯುರೇಟರಿನಿಂದ ಕಳಚಿ, ಥ್ರಾಟಲಿನ ಕೈಯನ್ನು ಮಾತ್ರ ಬೆರಳಿನಿಂದ ತೆರೆದು ಬಿಟ್ಟರು. ‘ಟಕ್’ ಎಂದು ಅದು ಸ್ಕ್ರೂವಿಗೆ ಬಂದು ಬಡಿಯಿತು. ಹಾಗೆ ಬಡಿಯದೆ ಸೋಮಾರಿತನದಿಂದ ಮರಳಿದರೆ ಬಿಲ್ಲೆಯ ಸರಳು ತುಕ್ಕು ಹಿಡಿದಿದೆ ಅಥವಾ ಸ್ಪ್ರಿಂಗು ಸೋತಿದೆ ಎಂದರ್ಥ. ಸ್ಪ್ರಿಂಗು ಸೋತಾಗ ಕೆಲವರು ಸೈಕಲ್ ಟ್ಯೂಬಿನ ರಬ್ಬರು ಕಟ್ಟುವುದನ್ನು ಕಂಡಿದ್ದೇನೆ. ಎಂಜಿನ್ನಿನ ಬಿಸಿಗೆ ಆ ರಬ್ಬರು ಎಂದು ಹರಿಯುವುದೋ ಹೇಳಲಾಗದು. ಥ್ರಾಟಲು ತೆರೆದಂತೆಯೇ ಸಿಕ್ಕಿಕೊಂಡ ಗಾಡಿಯಷ್ಟು ಭಯಂಕರವಾದದ್ದು ರಸ್ತೆಯಲ್ಲಿ ಇನ್ನೊಂದಿಲ್ಲ. ಚಾಲಕನಿಗೆ ಅಂಥ ಪ್ರಸಂಗ ಒದಗಿದರೆ ಒಡನೆ ಕ್ಲಚ್ ಒತ್ತಿ, ಬ್ರೇಕು ಹಿಡಿದು, ಗೇರನ್ನು ನ್ಯೂಟ್ರಲಿಗೆ ತರಬೇಕು. ಗಾಡಿ ಹತೋಟಿಗೆ ಬಂದ ಮೇಲೆ ಎಂಜಿನ್ನನ್ನು ಆರಿಸಬೇಕು.

ಅನಂತರ ಗುಂಡು ಕೀಲುಗಳನ್ನು ಒಂದೊಂದಾಗಿ ಅಲುಗಿಸಿ ನೋಡಿದರು. ಸವೆದಿದ್ದ ಒಂದನ್ನು ಬದಲಿಸಿ, ಉಳಿದವಕ್ಕೆ ಒಂದೊಂದು ತೊಟ್ಟು ಎಣ್ಣೆ ಬಿಟ್ಟರು. ಸರಳಿನ ತುದಿಗೆ ಮರೆಯಿದೆ. ಅಡಚಣೆಯ ನಟ್ಟನ್ನು ಸಡಿಲಿಸಿ ಕೀಲಿನ ಬಟ್ಟಲನ್ನು ತಿರುಗಿಸಿದರೆ ಸರಳು ಉದ್ದವಾಗುತ್ತದೆ ಅಥವಾ ಗಿಡ್ಡವಾಗುತ್ತದೆ. ಪೆಡಲು ಮೇಲಿದ್ದು, ಥ್ರಾಟಲಿನ ಕೈ ಸ್ಕ್ರೂವಿನ ಮೇಲೆ ಕೂತಿರುವಾಗ, ಸರಳಿನಲ್ಲಿ ತುಸು ಸಡಿಲ ಉಳಿಯಬೇಕು. ಪೆಡಲನ್ನು ಮೊದಲಿಗೆ ಮೆಲ್ಲನೆ ಒತ್ತಿದಾಗ ಏನೂ ಆಗದೆ, ಆಮೇಲೆ ಥ್ರಾಟಲು ತೆರೆಯಲಾರಂಭಿಸಬೇಕು. ಈ ಅಲ್ಪ ಸಡಿಲವೇ ಸ್ಕ್ರೂವಿಗೆ ಅದರ ಅಧಿಕಾರವನ್ನು ಮರಳಿ ಕೊಡುವುದು. ಅತಿಯಾಗಿ ಸಡಿಲವಿಟ್ಟರೆ ಮತ್ತೊಂದು ಕೇಡು: ಪೆಡಲು ನೆಲ ಮುಟ್ಟಿದರೂ ಬಿಲ್ಲೆ ನೆಟ್ಟಗಾಗುವುದಿಲ್ಲ, ಘಾಟಿಯಲ್ಲಿ ಗಾಡಿ ಏದುಸಿರು ಬಿಡುತ್ತದೆ. ಆದುದರಿಂದ ನನ್ನನ್ನು ಒಳಗೆ ಕೂರಿಸಿ ಪೆಡಲನ್ನು ನೆಲದವರೆಗೆ ಒತ್ತಿಸಿದರು. ಗಾಳಿಯ ಶೋಧಕವನ್ನು ತೆಗೆದಿಟ್ಟು, ಬ್ಯಾಟರಿ ಹಿಡಿದು ಕೊಳವೆಯೊಳಗೆ ಇಣುಕಿದರು. “ನೆಟ್ಟಗ ನಿಂತೈತಿ” ಎಂದರು. ಎಂಜಿನ್ನು ಆರಿರುವಾಗಲೇ ಮಾಡಬೇಕಾದ ಕೆಲಸವಿದು. ಕಾಲಡಿಯ ಚಾಪೆ ಮಡಿಚಿ ಪೆಡಲಿನಡಿ ಸೇರಿಕೊಂಡಿದ್ದರೆ ಇಷ್ಟೆಲ್ಲ ಶ್ರಮವೂ ವ್ಯರ್ಥವಾದೀತು. ನಗಬೇಡಿರಿ, ಹಾಗಾಗುವುದುಂಟು!

ಮತ್ತೆ ಟಿಕೇಟು. ಈ ಸಲ ಎಳೆದಾಗ ಅದು ಹಿಡಿದುಕೊಂಡಿತು. ಬಲವಾಗಿ ಎಳೆದರೆ ಹರಿಯುವಂತಿತ್ತು.

ಇಷ್ಟಾದ ಮೇಲೆ, ಸಂಜೆಯ ನಾಲ್ಕು ಗಂಟೆಗೆ, ಸ್ಲೋ ಸ್ಕ್ರೂವಿನ ಸರದಿ ಬಂದಿತು. ಜನರು ಮೊದಲು ಮಾಡುವ ಕೆಲಸವನ್ನು ಮೇಸ್ತ್ರಿಗಳು ಕಡೆಗೆ ಉಳಿಸಿಕೊಂಡಿದ್ದರು. ಆಗಲೂ ಒಮ್ಮೆಲೇ ಸ್ಕ್ರೂವಿಗೆ ಕೈ ಹಾಕಲಿಲ್ಲ. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಒರಸಿದರು, ಕಿಡಿಯ ಕಾಲವನ್ನು ಸರಿನೋಡಿದರು, ಕಾರ್ಬ್ಯುರೇಟರಿನ ಬುಡದ ನಟ್ಟುಗಳನ್ನು ಬಿಗಿಯಾಗಿಸಿದರು. ಬುಡದಲ್ಲಿ ಬಿರುಕಿದ್ದರೆ ಅಲ್ಲಿಂದ ಕಳ್ಳಗಾಳಿ ನುಗ್ಗಿ ಮಿಶ್ರಣ ಕೆಡುತ್ತದೆ. ಸ್ಕ್ರೂ ಎಷ್ಟು ತಿರುವಿದರೂ ಎಂಜಿನ್ನು ಒಂದೇ ಹದಕ್ಕೆ ನಿಲ್ಲುವುದಿಲ್ಲ. ತರುವಾಯ ಮಾವನಿಗೆ, “ಕಾಲು ತಾಸು ಓಡಿಸಿಕೊಂಡು ಬರ್ರಿ” ಎಂದರು. ತಣ್ಣಗಿನ ಎಂಜಿನ್ನಿಗೆ ದಟ್ಟವಾದ ಮಿಶ್ರಣ ಬೇಕು, ಎಣ್ಣೆಯೂ ಮಂದವಾಗಿರುತ್ತದೆ. ಆ ಸ್ಥಿತಿಯಲ್ಲಿ ಹೊಂದಿಸಿದ ವೇಗವು ಎಂಜಿನ್ನು ಕಾದ ಮೇಲೆ ಅರಚಾಟವಾಗುತ್ತದೆ. ಗಾಡಿ ಮರಳಿದಾಗ ಚೋಕಿನ ಗುಂಡಿ ಪೂರ್ತಿ ಒಳಗೆ ಹೋಗಿದೆಯೇ ಎಂಬುದನ್ನೂ ನೋಡಿಕೊಂಡರು. ಗೇರು ನ್ಯೂಟ್ರಲಿನಲ್ಲಿ, ಕೈಬ್ರೇಕು ಎಳೆದು, ಚಕ್ರಕ್ಕೆ ಕಲ್ಲಿಟ್ಟು, ತಮ್ಮ ಅಂಗಿಯ ತೋಳನ್ನು ಮೇಲೆ ಮಡಿಚಿದರು. ಎದುರಿಗೆ ಫ್ಯಾನು ಸುತ್ತುತ್ತಿತ್ತು. ನನ್ನನ್ನು ಎರಡು ಹೆಜ್ಜೆ ಹಿಂದೆ ಸರಿಸಿದರು.

ಮಿಶ್ರಣದ ಸ್ಕ್ರೂವನ್ನು ಅವರು ಮುಂಚೆಯೇ ಮೆಲ್ಲನೆ ತುದಿಯವರೆಗೆ ಮುಚ್ಚಿ, ಒಂದೂವರೆ ಸುತ್ತು ಹೊರಕ್ಕೆ ತಂದಿಟ್ಟಿದ್ದರು. ‘ಮೆಲ್ಲನೆ’ ಎಂಬ ಮಾತು ಮುಖ್ಯ. ಬಿಗಿಯಾಗಿ ಅಮುಕಿದರೆ ಸೂಜಿಮೊನೆಗೆ ಗೀರು ಬಿದ್ದು, ಮುಂದೆಂದೂ ಅದು ಸರಿಯಾಗಿ ಕೆಲಸ ಮಾಡದು. ಈಗ ಎಂಜಿನ್ನು ಬೇಕಾದುದಕ್ಕಿಂತ ತುಸು ಹೆಚ್ಚು ವೇಗದಲ್ಲಿ ಓಡುತ್ತಿರುವಂತೆ ಸ್ಲೋ ಸ್ಕ್ರೂವನ್ನಿಟ್ಟು, ಮಿಶ್ರಣದ ಸ್ಕ್ರೂವನ್ನು ಕಾಲು ಸುತ್ತಿನಂತೆ ಒಳಕ್ಕೆ ತಿರುಗಿಸುತ್ತ ಬಂದರು. ಪ್ರತಿ ಕಾಲು ಸುತ್ತಿಗೂ ಒಂದು ಕ್ಷಣ ನಿಂತು ಆಲಿಸುತ್ತಿದ್ದರು. ಒಂದು ಹಂತದಲ್ಲಿ ಎಂಜಿನ್ನು ತೊದಲಿತು. ಪೆಟ್ರೋಲು ಸಾಲದು ಎಂಬುದರ ಸೂಚನೆ. ಮರಳಿ ಹೊರಕ್ಕೆ ತಿರುಗಿಸಿದರು. ಎಂಜಿನ್ನು ಚೇತರಿಸಿಕೊಂಡು ಮೃದುವಾಯಿತು. ಇನ್ನೂ ತಿರುಗಿಸಿದಾಗ ಕುಂಟುವ ಕುದುರೆಯಂತೆ ಏರಿಳಿಯತೊಡಗಿತು, ಹೊಗೆಗೆ ಪೆಟ್ರೋಲಿನ ನಾತ ಬಂದಿತು. ಇದು ಅತಿಯಾದುದರ ಸೂಚನೆ. ಈ ಎರಡರ ನಡುವೆ, ಎಂಜಿನ್ನು ಅತಿ ವೇಗವಾಗಿಯೂ ಅತಿ ಸಮವಾಗಿಯೂ ಓಡುವ ಒಂದು ಜಾಗವಿದೆ. ಅಲ್ಲಿ ನಿಲ್ಲಿಸಿ, ಸ್ಲೋ ಸ್ಕ್ರೂವಿನಿಂದ ವೇಗವನ್ನಿಳಿಸಿದರು. ವೇಗ ಇಳಿದಾಗ ಮಿಶ್ರಣದ ಹದ ಕೊಂಚ ತಪ್ಪುತ್ತದೆ. ಮತ್ತೆ ಅದನ್ನು ಸರಿಪಡಿಸಿ, ಮತ್ತೆ ಇದನ್ನು. ಹೀಗೆ ಮೂರಾವರ್ತಿ ನಡೆಯಿತು. ಹಳೆಯ ನಾಲ್ಕು ಸಿಲಿಂಡರಿನ ಗಾಡಿಗಳಲ್ಲಿ ಕಡೆಗೆ ಉಳಿಯಬೇಕಾದ ವೇಗ ಸಾಮಾನ್ಯವಾಗಿ 600ರಿಂದ 800 ಸುತ್ತುಗಳ ನಡುವೆ ಇರುತ್ತದೆ. ನಿಖರವಾದ ಸಂಖ್ಯೆಯನ್ನು ಆಯಾ ಗಾಡಿಯ ಕೈಪಿಡಿಯಲ್ಲಿಯೇ ನೋಡಬೇಕು. ಮೇಸ್ತ್ರಿಗಳ ಬಳಿ ಸುತ್ತುಗಳನ್ನಳೆಯುವ ಮಾಪಕ ಇರಲಿಲ್ಲ, ಇದ್ದದ್ದು ಕಿವಿ. ನನಗೆ ಅಂಥ ಕಿವಿಯಿಲ್ಲವಾದುದರಿಂದ ನಾನು ಮಾಪಕವನ್ನೇ ನಂಬುವವನು.

ಮಿಶ್ರಣದ ಸ್ಕ್ರೂ ತಿರುಗಿಸಿದರೂ ಎಂಜಿನ್ನಿನ ದನಿಯಲ್ಲಿ ಯಾವ ವ್ಯತ್ಯಾಸವೂ ಆಗದಿದ್ದರೆ? ಆಗ ಅದರ ಕಾಲುವೆ ಕಟ್ಟಿಕೊಂಡಿರಬಹುದು. ಇಲ್ಲವೇ ಬಿಲ್ಲೆಯು ತೀರ ತೆರೆದು, ಅದರ ಅಂಚು ಐಡಲ್ ಕಾಲುವೆಯ ಬಾಯಿಯನ್ನು ದಾಟಿ ಹೋಗಿರಬಹುದು. ಎರಡನೆಯದಾದರೆ ಮತ್ತೆ ಸರಳಿನ ಬಳಿಗೆ, ಟಿಕೇಟಿನ ಬಳಿಗೆ ಬರಬೇಕಾಗುತ್ತದೆ. ಐಡಲ್ ವೇಗವನ್ನು ಅತಿಯಾಗಿ ಏರಿಸಿಟ್ಟ ಗಾಡಿಗಳು ಕೀಲಿಕೈ ತಿರುಗಿಸಿದ ಮೇಲೂ ಆರದೆ ಕೆಲವು ಕ್ಷಣ ಗೊರಗುಟ್ಟುವುದುಂಟು.

ವಿದ್ಯಾರ್ಥಿಮಿತ್ರರೇ, ಒಂದು ಎಚ್ಚರಿಕೆಯನ್ನು ಮಾತ್ರ ಇಲ್ಲಿ ಹೇಳಲೇಬೇಕು. ನಿಂತಲ್ಲಿಯೇ ಓಡುವ ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷವಾಯುವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ನು ಆಮ್ಲಜನಕಕ್ಕಿಂತ ಅದನ್ನು ಇನ್ನೂರು ಪಟ್ಟಿಗೂ ಮಿಕ್ಕಿ ಬಲವಾಗಿ ಹಿಡಿದುಕೊಳ್ಳುತ್ತದೆ. ಮಿಶ್ರಣದಲ್ಲಿ ಪೆಟ್ರೋಲು ಹೆಚ್ಚಾದಷ್ಟೂ ಈ ವಿಷವೂ ಹೆಚ್ಚು. ಆದುದರಿಂದಲೇ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹಳೆಯ ಪೆಟ್ರೋಲು ಕಾರುಗಳಿಗೆ ಐಡಲ್ ವೇಗದ ಹೊಗೆಯಲ್ಲಿ ಇದು ನೂರಕ್ಕೆ 3 ಭಾಗವನ್ನು ಮೀರಬಾರದೆಂದು ಗೊತ್ತುಮಾಡಿದವು. ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ನನ್ನು ಓಡಿಸಿ ಈ ಕೆಲಸಕ್ಕೆ ತೊಡಗಿದವರು ತಲೆಸುತ್ತು ಬಂದು ಬಿದ್ದು, ಮೇಲೇಳದಿದ್ದದ್ದೂ ಉಂಟು. ಬಯಲಿನಲ್ಲಿಯೇ ಮಾಡಬೇಕು, ಬಲ್ಲವರು ಜೊತೆಗಿರುವಾಗಲೇ ಮಾಡಬೇಕು.

ಈ ಸ್ಕ್ರೂಗಳನ್ನು ಕಾಣಲು ನೀವು ಪದ್ಮಿನಿಯನ್ನೇ ಹುಡುಕಬೇಕೆಂದಿಲ್ಲ. 2020ಕ್ಕಿಂತ ಹಿಂದಿನ ಸ್ಕೂಟರು, ಮೋಟಾರು ಸೈಕಲ್ಲುಗಳಲ್ಲಿ ಬಹುಪಾಲು ಕಾರ್ಬ್ಯುರೇಟರೇ ಇದೆ. ಅಲ್ಲಿ ಸರಳಿನ ಬದಲು ತಂತಿಯ ಕೇಬಲು. ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿದಾಗ ಎಂಜಿನ್ನಿನ ವೇಗ ತಾನಾಗಿ ಏರಿದರೆ ಕೇಬಲಿನಲ್ಲಿ ಸಡಿಲ ಸಾಲದೆಂದು ತಿಳಿಯಿರಿ. ಮಾವನ ಟ್ಯಾಕ್ಸಿಯ ಕಾಯಿಲೆಯೇ ಅದು, ದ್ವಿಚಕ್ರದ ರೂಪದಲ್ಲಿ.

ಅಂದು ಸಂಜೆ ಗಾಡಿ ವಡಾಲಾದಿಂದ ಹೊರಟಾಗ ಮಳೆ ಮತ್ತೆ ಹಿಡಿದಿತ್ತು. ಮಾವ ಮನೆಯ ದಾರಿ ಬಿಟ್ಟು ದಾದರಿನತ್ತ ತಿರುಗಿಸಿದ. ಟಿಳಕ ಸೇತುವೆಯ ಏರಿನ ನಡುವೆ, ವಾಹನಗಳ ಸಾಲಿನಲ್ಲಿ ನಿಂತೆವು. ಮಾವ ಕಾಲನ್ನು ಪೆಡಲಿನಿಂದ ಪೂರ್ತಿ ತೆಗೆದು, ಕೈಬ್ರೇಕು ಹಿಡಿದು, ಆಲಿಸಿದ. ಎಂಜಿನ್ನು ಒಂದೇ ಸಮನಾಗಿ ಮಿಡಿಯುತ್ತಿತ್ತು. ಸಾಲು ಸರಿದಾಗ ಗಾಡಿ ಮೆಲ್ಲನೆ ಹೊರಟಿತು.

ಹೊಸ ರಬ್ಬರು ಭಾರಕ್ಕೆ ಸ್ವಲ್ಪ ಕೂತುಕೊಳ್ಳುವುದುಂಟೆಂದೂ, ವಾರದ ಮೇಲೆ ಇನ್ನೊಮ್ಮೆ ನೋಡಬೇಕೆಂದೂ ಮೇಸ್ತ್ರಿಗಳು ಹೇಳಿದ್ದರು. ಮುಂದಿನ ಭಾನುವಾರ ಬೆಳಗ್ಗೆ ಚಾಳಿನ ಮುಂದೆ ಬಾನೆಟ್ಟು ಎತ್ತಿ ಮಾವ ನನ್ನನ್ನು ಕರೆದ. ಬಸ್ಸಿನ ಟಿಕೇಟನ್ನು ನಾನೇ ಇಟ್ಟು ಎಳೆದೆ. ಹಿಡಿದಿತ್ತು.